ಜೊತೆಗೆ ಬಂದವರದೂ ಒಂದು ಚಿತ್ರ

ಬೆಳಗಿನ ಆರೂವರೆ. ಕಣ್ಣಾಸ್ಪತ್ರೆಯ ಎರಡನೇ ಮಹಡಿಯ ಕತ್ತಲೆ ಕೋಣೆಯಲ್ಲಿ ಬೆಕ್ಕೊಂದು ಮಿಯಾಂವ್ ಎನ್ನುತ್ತದೆ. ಯಂತ್ರಕ್ಕೆ ಗಲ್ಲ ಆನಿಸಿ ಕುಳಿತ ನಾಲ್ಕು ವರ್ಷದ ಪುಟ್ಟಿ ಅಳು ಮರೆತು, ಬೆಕ್ಕು ಅಡಗಿದೆ ಎಂದು ನಂಬಿಸಲಾದ ಹಸಿರು ಚುಕ್ಕೆಯನ್ನೇ ನೋಡುತ್ತಾಳೆ. ಟಿಕ್. ಕಣ್ಣಿನ ಹಿಂಭಾಗದ ಅಕ್ಷಿಪಟಲ ಪರದೆಯ ಮೇಲೆ ಮೂಡುತ್ತದೆ. ಬೆಕ್ಕಿಗೆ ಐವತ್ತೊಂದು ವರ್ಷ, ಮೀಸೆ ಅಸಲಿ.

ಕಣ್ಣಿನ ಒಳಗಿನ ಚಿತ್ರ ತೆಗೆಯುವ ಇವರು ಮಕ್ಕಳ ಬಾಯಲ್ಲಿ ಬೆಕ್ಕುಮಾಮ. ಮೊದಲು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದವರು. “ಆಗ ನಗಬೇಡಿ ಅಂತಿದ್ದೆ, ಈಗ ಅಳಬೇಡಿ ಅಂತೀನಿ. ಬಡ್ತಿ ಅಂದ್ರೆ ಇದೇ.” ದಿನಕ್ಕೆ ಮೂವತ್ತು ಮಕ್ಕಳು, ಕಣ್ಣಿಗೆ ನಾಲ್ಕು ಚಿತ್ರ, ಹತ್ತರಲ್ಲಿ ಮೂರು ಬರೀ ರೆಪ್ಪೆ. ಬೇರೆಯವರ ಕೆಲಸ ರೆಪ್ಪೆ ಮಿಟುಕಿಸುವಷ್ಟರಲ್ಲಿ ಆಗುತ್ತದೆ, ಇವರದು ಕೆಡುತ್ತದೆ. ಬಗ್ಗಿ ಬಗ್ಗಿ ಬೆನ್ನು ಹಿಡಿದಿದೆ. “ಬೆಕ್ಕಾದ್ರೆ ಮೈಮುರಿದು ಎದ್ದು ಹೋಗುತ್ತೆ. ಇವರು ನನ್ನ ಕೈಲಿ ಎಣ್ಣೆ ತಿಕ್ಕಿಸ್ಕೋತಾರೆ” ಎನ್ನುವುದು ಮನೆಯವರ ದೂರು.

ಇವರದೊಂದು ಪದ್ಧತಿಯಿದೆ. ಅಕ್ಷಿಪಟಲ ಅಂಚಿನಿಂದ ಸವೆಯುವ ವಂಶಪಾರಂಪರ್ಯ ಕಾಯಿಲೆಯ ಮಗು ಬಂದರೆ, ಜೊತೆಗೆ ಬಂದ ಒಡಹುಟ್ಟಿದವರ ಚಿತ್ರವನ್ನೂ ಡಾಕ್ಟರರನ್ನು ಕೇಳಿ ತೆಗೆಯುತ್ತಾರೆ. ಹಿಂದೊಮ್ಮೆ ಅದೇ ಕಾಯಿಲೆಯ ಹುಡುಗಿಯೊಬ್ಬಳ ತಮ್ಮನನ್ನು ಚಿತ್ರ ತೆಗೆಯದೆ ಹಾಗೇ ಕಳಿಸಿದ್ದರು. ನಾಲ್ಕು ವರ್ಷದ ಮೇಲೆ ಅವನು ಗೋಡೆ ತಡವುತ್ತ ಬಂದ. “ಆವತ್ತು ಹೊರಗಿನ ಬೆಂಚಲ್ಲೇ ಇದ್ದ. ಹತ್ತು ಹೆಜ್ಜೆ. ನಾನು ಕರೀಲಿಲ್ಲ.”

ಈಗ ಎದುರಿಗೆ ಒಬ್ಬ ತಾಯಿ. ಹನ್ನೊಂದರ ಹಿರಿಯ ಮಗಳಿಗೆ ಕಾಯಿಲೆ ಇರುವುದು ಕಳೆದ ತಿಂಗಳು ಖಚಿತವಾಗಿದೆ. ಆರರ ಕಿರಿಯಳು ಮನೆಯಲ್ಲಿ ಬಿಡಲು ಯಾರೂ ಇಲ್ಲದ್ದಕ್ಕೆ ಬಂದವಳು.

“ಇವಳಿಗೆ ಬೇಡ. ಹದ್ದಿನ ಕಣ್ಣು ಇವಳದು, ಬಿದ್ದ ಸೂಜಿ ಹುಡುಕಿ ಕೊಡ್ತಾಳೆ.”

“ಸೂಜಿ ಹಗಲಲ್ಲಿ ಹುಡುಕ್ತಾಳಮ್ಮ. ನಾನು ದೀಪ ಆರಿಸಿದ ಕೂಡ್ಲೇ ನಿಮ್ಮ ಸೆರಗು ಹಿಡ್ಕೊಂಡ್ಲು.”

“ಎಲ್ಲ ಮಕ್ಕಳೂ ಹಿಡ್ಕೋತಾರೆ.”

“ಹಿಡ್ಕೋತಾರೆ. ಕಣ್ಣು ಕತ್ತಲೆಗೆ ಹೊಂದಿದ ಮೇಲೆ ಬಿಟ್ಟು ಓಡಾಡ್ತಾರೆ. ಇವಳು ಬಿಡ್ಲೇ ಇಲ್ಲ.”

ತಾಯಿ ಕಿರಿಯಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. “ಒಬ್ಬಳದೇ ಸಾಕಾಗಿದೆ ನಂಗೆ. ಗೊತ್ತಾಗದೇ ಇರ್ಲಿ ಬಿಡಿ.”

“ನಮಗೆ ಗೊತ್ತಿಲ್ದಿದ್ರೂ ಕಾಯಿಲೆಗೆ ವಿಳಾಸ ಗೊತ್ತಿರುತ್ತೆ, ತಾಯಿ.”

ಅಷ್ಟರಲ್ಲಿ ಅಕ್ಕ ತಂಗಿಯನ್ನು ಮುಂದೆ ತಳ್ಳುತ್ತಾಳೆ. “ಹೋಗೇ, ನೋವಾಗಲ್ಲ. ಬೆಕ್ಕು ಮಾತ್ರ ಸುಳ್ಳು.”

ತಾಯಿ ತಡೆಯುವುದಿಲ್ಲ. ಚಿತ್ರದ ನಡುವೆ ತೆಳ್ಳನೆಯ ಬೆಳಕಿನ ಉಂಗುರ. ಹಿರಿಯಳ ಚಿತ್ರದಲ್ಲೂ ಇರುವಂಥದ್ದೇ, ಇವಳದು ಸುತ್ತಳತೆಯಲ್ಲಿ ದೊಡ್ಡದು; ಉಂಗುರದೊಳಗಿನದು ಇನ್ನೂ ಸವೆಯದ ಭಾಗ. ಬೆಕ್ಕುಮಾಮನ ಮುಖದಲ್ಲಿ ಏನೂ ಕಾಣದು. ರೋಗದ ಹೆಸರು ಹೇಳುವುದು ಇವರ ಕೆಲಸವಲ್ಲ. “ಚಿತ್ರ ಸ್ಪಷ್ಟವಾಗಿ ಬಂದಿದೆ. ಡಾಕ್ಟರು ಹೇಳ್ತಾರೆ.”

ಡಾಕ್ಟರು ಒಂದು ಗಂಟೆಯ ನಂತರ ಹೇಳುತ್ತಾರೆ: ಆರಂಭವಾಗಿದೆ. ಸವೆತ ತಡೆಯುವ ಔಷಧಿ ಸದ್ಯಕ್ಕಿಲ್ಲ. ಇಬ್ಬರಿಗೂ ವಂಶವಾಹಿ ಪರೀಕ್ಷೆ ಆಗಬೇಕು; ಅದರ ಫಲಕ್ಕೆ ಹೊಂದುವ ಚಿಕಿತ್ಸೆ ಮುಂದೆ ಬಂದರೆ, ಆಗ ಉಳಿದಿರುವ ನೋಟವನ್ನಷ್ಟೇ ಕಾಪಾಡಬಹುದು. ಕಿರಿಯಳಲ್ಲಿ ಇನ್ನೂ ಬಹಳ ಉಳಿದಿದೆ.

ಹೊರಬಂದ ತಾಯಿ ಕತ್ತಲೆ ಕೋಣೆಗೆ ಇಣುಕುತ್ತಾರೆ. “ಮುಂದಿನ ಸಲವೂ ನೀವೇ ತೆಗೀತೀರಾ?”

“ನಾನೇ.”

ಆಸೆಯೇನೆಂದು ಕೇಳಿದರೆ ಬೆಕ್ಕುಮಾಮ ಯಂತ್ರದ ಗಲ್ಲಪಟ್ಟಿ ಒರೆಸುತ್ತಲೇ ಉತ್ತರಿಸುತ್ತಾರೆ. “ಆರು ತಿಂಗಳಿಗೆ ಆ ಚಿಕ್ಕವಳು ಬರ್ತಾಳೆ. ಹೊಸ ಚಿತ್ರ, ಇವತ್ತಿನದು, ಎರಡನ್ನೂ ಪಕ್ಕಪಕ್ಕ ಇಡ್ತೀನಿ. ಉಂಗುರ ಕಿರಿದಾಗದೆ ಒಂದೇ ಥರ ಇದ್ರೆ, ಅದೇ ನಾನು ತೆಗೆದ ಒಳ್ಳೇ ಫೋಟೊ.”