ಪಾಸ್ಟರ ಹೊಟ್ಟೆಗೆ ಸೂಜಿ

ನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಕೊಡುತ್ತಿದ್ದ ಕಾಲ ಅದು. ಹೆಬ್ಬಾಳದ ಆಸ್ಪತ್ರೆಯಲ್ಲಿ ಚುಚ್ಚುವ ನರ್ಸ್ ನಾನೇ. ಒಂದು ಬೆಳಿಗ್ಗೆ ನಮ್ಮ ಚರ್ಚಿನ ಪಾಸ್ಟರೇ ಕುಂಟುತ್ತಾ ಬಂದರು. ಆರ್.ಟಿ. ನಗರದಲ್ಲಿ ಯಾರ ಮನೆಗೋ ಪ್ರಾರ್ಥನೆಗೆ ಹೊರಟಾಗ ಬೀದಿನಾಯಿ ಕಚ್ಚಿತ್ತು. ಅದಕ್ಕೆ ಹುಚ್ಚು ಹಿಡಿದಿತ್ತಂತೆ.

ಭಯ ಅನ್ನೋದು ನಂಬಿಕೆ ಇಲ್ಲದವರಿಗೆ ಬರೋ ಕಾಯಿಲೆ ಅಂತ ಪ್ರತಿ ಭಾನುವಾರ ಪ್ರಸಂಗದಲ್ಲಿ ನಮ್ಮನ್ನು ಬೈಯುತ್ತಿದ್ದ ಮನುಷ್ಯ, ಬೆಂಚಿನ ಮೇಲೆ ಕೂತು, "ನೀವು ಹೋಗಿ, ಪರವಾಗಿಲ್ಲ, ನೀವು ಹೋಗಿ" ಅಂತ ಹಿಂದೆ ಬಂದವರನ್ನೆಲ್ಲ ಮುಂದೆ ಕಳಿಸಿದರು. ಕೊನೆಗೆ ಉಳಿದವರು ಅವರೊಬ್ಬರೇ.

ಸೂಜಿ ನೋಡಿದವರೇ ನನ್ನ ಕೈ ಹಿಡಿದುಕೊಂಡರು.

"ಇವತ್ತು ಬೇಡಮ್ಮಾ, ನಾಳೆ ಬರ್ತೀನಿ. ಶಿಲುಬೆಗೆ ಹಾಕೋ ಹಿಂದಿನ ರಾತ್ರಿ ಯೇಸುಸ್ವಾಮಿನೇ, ಈ ಕಷ್ಟದ ಪಾತ್ರೆ ನನ್ನಿಂದ ದೂರ ಮಾಡಪ್ಪಾ ಅಂತ ಬೇಡಿಕೊಳ್ಳಲಿಲ್ವಾ?"

"ಬೇಡಿಕೊಂಡ್ರು ಪಾಸ್ಟರ್. ಆಮೇಲೆ, ನಿನ್ನ ಚಿತ್ತದಂತೆ ಆಗಲಿ ಅಂದ್ರು. ಅಂಗಿ ಎತ್ತಿ."

ಆ ಭಾನುವಾರ ಅವರು, ಯೇಸುವಿಗೂ ಭಯವಾಗಿತ್ತು ಅಂತ ಪ್ರಸಂಗ ಮಾಡಿದರು. ಅಷ್ಟು ವರ್ಷಗಳಲ್ಲಿ ನಾನು ತೂಕಡಿಸದೆ ಕೇಳಿದ ಪ್ರಸಂಗ ಅದೊಂದೇ.