ಗಟಾರದ ಮೇಲಿನ ಟೈಲ್ಸ್

ನಮ್ಮ ಕುಮಟೆಯಲ್ಲಿ ಮನೆ ಎಷ್ಟು ಚೆಂದ ಎಂಬುದನ್ನು ಅದರ ಮುಂದಿನ ಗಟಾರ ಎಷ್ಟು ಕಾಣುವುದಿಲ್ಲ ಎಂಬುದರಿಂದ ಅಳೆಯಬಹುದು. ಕಾನ್ವೆಂಟಿನ ಸಿಸ್ಟರ್ ಕೂಡ ನಮಗೆ ಗಟಾರದ ಕಡೆ ನೋಡದೆ ನಡೆಯುವುದನ್ನೇ ಕಲಿಸಿದ್ದರು. ಅಘನಾಶಿನಿ ಎಲ್ಲಿ ಹುಟ್ಟಿ ಎಲ್ಲಿ ಸಮುದ್ರ ಸೇರುತ್ತದೆಂದು ಪಟಪಟನೆ ಒಪ್ಪಿಸುತ್ತಿದ್ದ ನನಗೆ, ನಮ್ಮನೆ ಗಟಾರ ಎಲ್ಲಿಗೆ ಹೋಗುತ್ತದೆಂದು ನಲವತ್ತು ದಾಟಿದರೂ ತಿಳಿದಿರಲಿಲ್ಲ.

ಹೋದ ವರ್ಷ ಮಳೆನೀರು ಸರಾಗವಾಗಿ ಹರಿಯಲೆಂದು ಕೇರಿಗೆ ಹೊಸ ಗಟಾರ ಬಂತು. ಹೂಳು ತೆಗೆಯುವಾಗ ಎತ್ತಲು ಪ್ರತಿ ಚಪ್ಪಡಿಗೂ ಕಬ್ಬಿಣದ ಹಿಡಿ ಇಟ್ಟಿದ್ದರು. ಹಿಡಿ ಕಾಲಿಗೆ ತಾಗುತ್ತದೆ, ಸಂದಿಯಿಂದ ಜಿರಳೆ ಬರುತ್ತದೆ ಎಂದು ಎಲ್ಲರೂ ಸಿಮೆಂಟು ಮೆತ್ತಿದೆವು. ನಮ್ಮವರು ಅದರ ಮೇಲೆ ಟೈಲ್ಸ್ ಬೇರೆ ಹಾಕಿಸಿದರು. ನಾನು ದಿನವೂ ಒರೆಸುತ್ತಿದ್ದೆ. ಗಟಾರಕ್ಕೆ ಅಷ್ಟು ಮರ್ಯಾದೆ ಬೇರಾವ ಊರಲ್ಲಿ ಸಿಕ್ಕೀತು?

ಈ ಆಷಾಢದ ಒಂದು ಬೆಳಿಗ್ಗೆ ಗಟಾರ ಉಕ್ಕಿ ಪಕ್ಕದ ನಾಗವೇಣಕ್ಕನ ಅಂಗಳ ತುಂಬಿತು. ಅಲ್ಲೇ ಅವರ ಬಾವಿ. ಬೇಸಿಗೆಯಲ್ಲಿ ಕೇರಿಯ ಬಾವಿಗಳೆಲ್ಲ ಉಪ್ಪಾದಾಗ ಸಿಹಿನೀರು ಉಳಿಯುವುದು ಅದೊಂದರಲ್ಲೇ. ಕಂದುನೀರು ಬಾವಿಕಟ್ಟೆಯ ಚಿರೇಕಲ್ಲುಗಳನ್ನು ಒಂದೊಂದಾಗಿ ನುಂಗುತ್ತಿತ್ತು. ತೇಲಿಬಂದ ಹವಾಯಿ ಚಪ್ಪಲಿಯೊಂದು ಕಟ್ಟೆಗೆ ತಾಗಿ ತಾಗಿ ಹಿಂದೆ ಸರಿಯುತ್ತಿತ್ತು. ಪ್ರತಿ ಸಲವೂ ಸ್ವಲ್ಪ ಮೇಲೆ ತಾಗುತ್ತಿತ್ತು.

"ಬಾವಿಗೆ ಹೊಕ್ಕರೆ ಆತು! ಮಕ್ಕಳಿಗೆ ಎಂತ ಕುಡಿಸೂದು?" ಎನ್ನುತ್ತಾ ನಾಗವೇಣಕ್ಕ ಬಾಲ್ದಿಯಲ್ಲಿ ನೀರೆತ್ತಿ ರಸ್ತೆಗೆ ಚೆಲ್ಲುತ್ತಿದ್ದರು. ಚೆಲ್ಲಿದ್ದು ತಿರುಗಿ ಒಳಗೇ ಬರುತ್ತಿತ್ತು.

ನಮ್ಮ ಗೇಟು ದಾಟಿ ನೀರು ಇಳಿದುಹೋಗುವ ಕಡೆ ಗಟಾರ ತೆರೆದಿದೆ. ಬಗ್ಗಿ ನೋಡಿದೆ. ಅಲ್ಲಿ ಬೆರಳ ಗಾತ್ರದ ನೀರು. ಕಟ್ಟಿಕೊಂಡದ್ದು ನಮ್ಮ ಟೈಲ್ಸಿನಡಿಯಲ್ಲೇ!

"ರೀ, ಹಾರೆ ತನ್ನಿ!"

"ಒಡೆದ್ರೆ ಮತ್ತೆ ಈ ಬಣ್ಣ ಸಿಗೂದಿಲ್ಲ ಮಾರಾಯ್ತಿ. ಮಳೆ ಈಗ ಬಿಡ್ತದೆ, ತಡಿ," ಎಂದರು ಇವರು.

ನಾಗವೇಣಕ್ಕ ಬಾಲ್ದಿ ಹಿಡಿದೇ ಕೂಗಿದರು: "ಹೌದಾ ಭಾವ? ಬೇಸಿಗೆಲಿ ನೀವು ಕೊಡಪಾನ ತಕಂಡು ಬಂದಾಗ ನಾನೂ ಹಂಗೇ ಹೇಳ್ತೆ. ಮಳೆ ಈಗ ಬರ್ತದೆ, ತಡೀರಿ ಅಂತ!"

ಇವರು ಹಾರೆ ತಂದರು. ಟೈಲ್ಸ್ ಚೂರಾಯಿತು, ಸಿಮೆಂಟು ಬಿರಿಯಿತು, ಚಪ್ಪಡಿ ಮಾತ್ರ ಅಲುಗಲಿಲ್ಲ. ನಾನೂ ಹಾರೆಗೆ ಭಾರ ಬಿಟ್ಟೆ. ಕೊನೆಗೆ ಎದ್ದಿತು. ಕೆಳಗೆ ತೆಂಗಿನ ಸಿಪ್ಪೆ, ಹಾಲಿನ ಪ್ಯಾಕೆಟ್ಟು, ಹೂಳು. ಅದನ್ನೆಲ್ಲ ಎಳೆದೊಡನೆ ಗಟಾರ ದೊಡ್ಡದಾಗಿ ಗುಟುಕರಿಸಿ ಓಡತೊಡಗಿತು. ಬಾವಿಕಟ್ಟೆಯಲ್ಲಿ ಮುಳುಗಲು ಇನ್ನೊಂದೇ ಕಲ್ಲು ಬಾಕಿಯಿತ್ತು.

ನಾಗವೇಣಕ್ಕ ನೀರು ಸೇದಿ, ಮೂಸಿ, ಬಾಯಿಗಿಟ್ಟು ನೋಡಿ, ಮೊದಲ ಲೋಟವನ್ನು ಇವರಿಗೇ ಕೊಟ್ಟರು. ಇವರು ಟೈಲ್ಸಿನ ಚೂರುಗಳನ್ನು ನೋಡುತ್ತಾ ಕುಡಿದರು. ಆಮೇಲೆ ಇನ್ನೊಂದು ಲೋಟ ಕೇಳಿದರು. ಮದುವೆಯಾದಾಗಿನಿಂದ ಇವರು ತಪ್ಪಾಯಿತೆಂದದ್ದನ್ನು ನಾನು ಕೇಳಿಲ್ಲ. ಆ ಎರಡನೇ ಲೋಟವನ್ನೇ ಹಾಗೆಂದು ತಿಳಿದುಕೊಂಡಿದ್ದೇನೆ.