ಹೊಸಿಲಿನಾಚೆಯ ಎಲೆ

ನಮ್ಮ ಮುತ್ತಾತ ಹಡಗು ಹತ್ತಿ ಹೋದವನು ಎಂದು ಕೋಲಾರದ ಗೆಳೆಯರೆದುರು ಬಹಳ ಸಲ ಹೇಳಿಕೊಂಡಿದ್ದೇನೆ. ಹತ್ತಿದನೋ, ಹತ್ತಿಸಿದರೋ ಎಂದು ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಕೆಲಸದ ಮೇಲೆ ಮದರಾಸಿಗೆ ಹೋದಾಗ ಅಲ್ಲಿಯ ಹಳೆಯ ದಾಖಲೆಗಳ ಕಚೇರಿ ಹೊಕ್ಕೆ. ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ ಹೋದ ಕೂಲಿಗಳ ಪಟ್ಟಿಯಲ್ಲಿ ಮುತ್ತಾತನನ್ನು ಹುಡುಕಿದೆ. ಮೇಸ್ತ್ರಿಯಾಗಿದ್ದರೂ ಆಗಿರಬಹುದು ಎಂಬ ಆಸೆ ಬೇರೆ. ಸಿಕ್ಕಿದ್ದು ಪಕ್ಕದ ಕಪಾಟಿನಲ್ಲಿ, ಅಂಡಮಾನಿಗೆ ಸಾಗಿಸಿದ ಕೈದಿಗಳ ಪಟ್ಟಿಯಲ್ಲಿ. ಹೆಸರು ಮುನಿಯಪ್ಪ, ತಂದೆ ನಾರಪ್ಪ, ಊರು ರಾಯಲ್ಪಾಡಿನ ಹತ್ತಿರದ ನಮ್ಮದೇ ಹಳ್ಳಿ, ಎಡ ಮೊಣಕೈ ಮೇಲೆ ಸುಟ್ಟ ಕಲೆ. ಅಪರಾಧ, ಕೊಲೆ. ಓದಿದವನೇ ಶರಟಿನ ತೋಳನ್ನು ಎಡ ಮೊಣಕೈ ಮುಚ್ಚುವಂತೆ ಎಳೆದುಕೊಂಡೆ. ಅಲ್ಲಿ ಕಲೆ ಇರಲಿಲ್ಲ ಎಂಬುದು ಬೇರೆ ಮಾತು.

ಆಮೇಲೆ ಯೋಚಿಸತೊಡಗಿದೆ. ನಾಲ್ಕಕ್ಷರ ಓದಿದವರಿಗೆ ಅಂಟುವ ಚಟ ಅದು. ಮಹಾಲಯ ಅಮಾವಾಸ್ಯೆಯ ಸಂಜೆ ನಾವು ಹಿರಿಯರಿಗೆ ಎಡೆ ಇಡುತ್ತೇವೆ. ಮುದ್ದೆ, ಮಾಂಸದ ಸಾರು, ವಡೆ ಬಡಿಸಿದ ಎಲೆಗಳು ನಡುಮನೆಯಲ್ಲಿ. ಒಂದು ಎಲೆ ಮಾತ್ರ ಹೊಸಿಲಿನಾಚೆ, ಜಗಲಿಯ ಮೇಲೆ. ಯಾರಿಗೆಂದು ಚಿಕ್ಕಂದಿನಲ್ಲಿ ಕೇಳಿದರೆ ಗದರುತ್ತಿದ್ದರು. ಈಗ ತಿಳಿಯಿತು ಎಂದುಕೊಂಡೆ. ಸಮುದ್ರ ದಾಟಿದವನು ಕುಲ ಕೆಟ್ಟವನು, ಸಾಲದ್ದಕ್ಕೆ ಕೈದಿ; ಸತ್ತ ಮೇಲೂ ಹೊರಗೇ ಕೂರಿಸಿದ್ದಾರೆ. ಅವನನ್ನು ಒಳಗೆ ಕರೆತರುವ ಪುಣ್ಯ ನನ್ನದೇ ಆಗಲಿ.

ಆ ವರ್ಷದ ಹಬ್ಬಕ್ಕೆ ಊರಿಗೆ ಹೋದೆ. ಮನೆಯ ಯಜಮಾನಿಕೆ ನನ್ನ ತಂದೆಯ ಅಕ್ಕ ನಂಜಮ್ಮತ್ತೆಯದು. ಬಡಿಸಿ ಮುಗಿದು ಎಲ್ಲರೂ ಕೈಮುಗಿದು ನಿಂತಾಗ ನಾನು ಜಗಲಿಗೆ ಹೋಗಿ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿದೆ. ಸಾರು ಅಂಚಿಗೆ ಹರಿಯಿತು. ಒಂದು ಕಾಲು ಹೊಸಿಲು ದಾಟಿತ್ತು. ಅತ್ತೆ ಬಂದು ನನ್ನ ಮಣಿಕಟ್ಟು ಹಿಡಿದರು.

“ವದ್ದುರಾ. ಒಳಗೆ ತರಬೇಡ.”

“ಮುತ್ತಾತ ಇನ್ನೂ ಎಷ್ಟು ವರ್ಷ ಹೊರಗೆ ಕೂರಬೇಕು ಅತ್ತೆ? ಅಂಡಮಾನಿಗೆ ಹೋಗಿದ್ದು ನಂಗೊತ್ತು.”

“ಮದರಾಸಿಗೆ ಹೋಗಿ ಇಷ್ಟೇನಾ ಓದ್ಕೊಂಡು ಬಂದಿದ್ದು? ನಿನ್ ಮುತ್ತಾತ ಒಳಗೇ ಇದಾನೆ. ಗೋಡೆ ಕಡೆಯಿಂದ ಮೊದಲನೇ ಎಲೆ.”

“ಮತ್ತೆ ಇದು?”

“ಅವನ ಕೈಲಿ ಸತ್ತೋನ್ದು. ಕಾಲುವೆ ನೀರಿನ ಜಗಳ. ಹೆಂಡ್ತಿ ಮಕ್ಳಿರ್ಲಿಲ್ಲ, ಅವನಿಗೆ ಎಡೆ ಇಡೋರು ಯಾರು? ನಿನ್ ಮುತ್ತಾತನ ಹೆಂಡ್ತಿ, ನಮ್ಮಜ್ಜಿ, ಶುರು ಮಾಡಿದ್ಲು.” ಅತ್ತೆ ಧ್ವನಿ ತಗ್ಗಿಸಿದರು. “ಕೊಂದೋನು ಒಳಗೆ ಉಣ್ತಿದಾನೆ. ಇವನನ್ನ ಅವನ ಪಕ್ಕ ಕೂರಿಸ್ತೀಯೇನೋ?”

ಕಾಲು ಹಿಂದಕ್ಕೆ ತೆಗೆದೆ. ಎಲೆಯನ್ನು ಇದ್ದ ಜಾಗದಲ್ಲೇ ಇಟ್ಟೆ. ಅದರ ಪಕ್ಕದಲ್ಲೇ ಕೂತೆ. ಮುತ್ತಾತನ ಎತ್ತರ, ಬಣ್ಣ, ಕಲೆ ಎಲ್ಲ ಬರೆದಿದ್ದ ಆ ಪಟ್ಟಿಯಲ್ಲಿ ಸತ್ತವನ ಹೆಸರಿರಲಿಲ್ಲ. ಅದನ್ನು ಹುಡುಕಬೇಕೆಂದು ನನಗೂ ಅನ್ನಿಸಿರಲಿಲ್ಲ.

“ಹೆಸರೇನತ್ತೆ?”

“ವೆಂಕಟ್ರಾಯ,” ಎಂದರು, ಎಲೆಯ ಕಡೆ ನೋಡುತ್ತ.

ಅತ್ತೆ ಹೋದ ಮೇಲೆ ಎಡೆ ಇಡುವುದು ನನ್ನ ಪಾಲಿಗೆ ಬಂದಿದೆ. ಹಡಗಿನ ಮಾತನ್ನು ಈಗ ಗೆಳೆಯರೆದುರು ಎತ್ತುವುದಿಲ್ಲ. ಒಂದು ಸಣ್ಣ ಬದಲಾವಣೆ ಮಾತ್ರ ಮಾಡಿದ್ದೇನೆ: ವಡೆ ಬಿಸಿಯಾಗಿರುವಾಗಲೇ ಮೊದಲು ಜಗಲಿಯ ಎಲೆಗೆ ಬಡಿಸುತ್ತೇನೆ. ಒಳಗೆ ಮುತ್ತಾತ ಸ್ವಲ್ಪ ಕಾಯಬೇಕಾಗುತ್ತದೆ. ಅಂಡಮಾನಿನಲ್ಲಿ ಕಾದು ಅವನಿಗೆ ಅಭ್ಯಾಸವಿದೆಯಲ್ಲ.